ಸಕ್ಕರೆ ಸರಿ, ಇನ್ಸುಲಿನ್ ಹೆಚ್ಚು

ಖಾಲಿ ಹೊಟ್ಟೆಯಲ್ಲಿರುವುದು ನನ್ನ ವೃತ್ತಿಯ ಅರ್ಧ. ಉಳಿದರ್ಧ ಅದನ್ನು ತುಂಬಿಸಿಕೊಳ್ಳುವುದು. ಉತ್ತರದ ಈ ತೀರ್ಥಕ್ಷೇತ್ರದ ಹನುಮಾನ್ ಘಾಟಿಗೆ ಶ್ರಾದ್ಧಕ್ಕೆಂದು ಬರುವ ಕನ್ನಡದವರ ಹಿರಿಯರ ಪರವಾಗಿ ಎಲೆಯ ಮುಂದೆ ಕೂತು ಉಣ್ಣುವ ಬ್ರಾಹ್ಮಣ ನಾನು. ಹಾಗಾಗಿ ರಕ್ತ ತೆಗೆಯಲು ಬಂದ ಲ್ಯಾಬಿನವನು, "ಪಂಡಿತ್‌ಜೀ, ರಾತ್ ಸೇ ಕುಛ್ ಖಾಯೇ ತೋ ನಹೀಂ?" ಎಂದು, ರಾತ್ರಿಯಿಂದ ಏನೂ ತಿಂದಿಲ್ಲ ತಾನೇ ಎಂದು, ನನ್ನ ಉಪವಾಸವನ್ನೇ ಅನುಮಾನಿಸಿದಾಗ ಕೊಂಚ ಅವಮಾನವಾಯಿತು.

ಕತ್ತಿನ ಹಿಂದೆ ಕಪ್ಪಾಗಿದ್ದದ್ದನ್ನು ರುದ್ರಾಕ್ಷಿಯ ಗುರುತೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿರುವ, ಧಾರವಾಡದ ಕಡೆಯ ಡಾಕ್ಟರಮ್ಮ ಅದನ್ನು ನೋಡಿ, ಸಕ್ಕರೆಯ ಜೊತೆ ಇನ್ಸುಲಿನ್ನನ್ನೂ ಪರೀಕ್ಷಿಸಲು ಬರೆದುಕೊಟ್ಟಿದ್ದರು.

ಸಕ್ಕರೆ ಮಿತಿಯೊಳಗಿತ್ತು, ಇನ್ಸುಲಿನ್ ಮಿತಿ ಮೀರಿತ್ತು. ನನ್ನ ಶ್ರಾದ್ಧಕ್ಕೆ ಯಾರು ಉಣ್ಣುತ್ತಾರೆಂಬಲ್ಲಿಯವರೆಗೂ ಯೋಚಿಸಿದೆ. ನೆನಪಿಗೆ ಬಂದವರೆಲ್ಲ ನನಗಿಂತ ಕಡಿಮೆ ಉಣ್ಣುವವರೇ.

"ಎರಡೂ ಅಂಕಿ ಗುಣಿಸಿ ಲೆಕ್ಕಾ ಹಾಕಿದೆ," ಎಂದರು ಡಾಕ್ಟರಮ್ಮ. "ಸಕ್ಕರಿ ಜಾಗಾದಾಗ ಅದ. ಅದನ್ನ ಅಲ್ಲಿ ಇಡಲಿಕ್ಕೆ ಇನ್ಸುಲಿನ್ ಭಾಳ ಒದ್ದಾಡ್ಲಿಕ್ಕತ್ತದ. ಮೈ ಅದರ ಮಾತು ಕೇಳವಲ್ದು."

"ಹಾಗಾದ್ರೆ ಸಕ್ಕರೆ ಕಾಯಿಲೆ ಬಂತೇ?"

"ಇನ್ನೂ ಇಲ್ರಿ. ಬರೋ ಮೊದಲ ಗೊತ್ತಾತಂತ ಖುಷಿ ಪಡ್ರಿ. ದಿನಾ ಅಡ್ಡಾಡ್ರಿ, ಸಿಹಿ ಕಡಿಮಿ ಮಾಡ್ರಿ."

ಖುಷಿಪಡುವುದು ನನ್ನ ಅಭ್ಯಾಸವಲ್ಲ. ಎಲೆಯಲ್ಲಿ ಪಾಯಸ ಬಿಟ್ಟರೆ ತೀರಿಹೋದ ಅಪ್ಪ ಮುನಿದನೆಂದು ಶ್ರಾದ್ಧ ಮಾಡುವ ಮಗ ಮಂಕಾಗುತ್ತಾನೆ, ಬಿಡದಿದ್ದರೆ ಡಾಕ್ಟರಮ್ಮ ಮುನಿಯುತ್ತಾರೆ.

"ಎಲೆ ಮುಂದೆ ಕೂರೋದನ್ನೇ ಬಿಟ್ಬಿಡಿ," ಎಂದಳು ಹೆಂಡತಿ.

"ಇಷ್ಟು ವರ್ಷ ಉಂಡ ಮೇಲೆ ಬೇರೆ ಕೆಲಸ ಬರುತ್ತೇನೇ?"

"ಡಾಕ್ಟರಮ್ಮ ನಡೆಯೋ ಕೆಲಸ ಕೊಟ್ಟಿದಾರಲ್ಲ."

ಮುಂದಿನ ಸೋಮವಾರ ತುಮಕೂರಿನವರೊಬ್ಬರ ತಂದೆಯ ಶ್ರಾದ್ಧ. ಮಗನಿಗೇ ಅರವತ್ತು ದಾಟಿತ್ತು. ಎಲೆಗೆ ಕೂರುವ ಮೊದಲೇ, ನಾಚಿಕೆ ಬಿಟ್ಟು, ನನಗೆ ಪಾಯಸ ಕಡಿಮೆ ಬಡಿಸಿ, ಸಕ್ಕರೆಯ ತೊಂದರೆ ಶುರುವಾಗುತ್ತಿದೆ ಎಂದುಬಿಟ್ಟೆ. ಅವರು ಪಾಯಸದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಇನ್ನು ಬೇರೆ ಬ್ರಾಹ್ಮಣನನ್ನು ಹುಡುಕುತ್ತಾರೆ ಎಂದುಕೊಂಡೆ.

"ನಮ್ಮಪ್ಪಂಗೂ ಸಕ್ಕರೆ ಕಾಯಿಲೆ ಇತ್ತು, ಶಾಸ್ತ್ರಿಗಳೇ," ಎಂದರು. "ಕದ್ದು ತಿಂತಿದ್ರು. ಅದಕ್ಕೇ ಅಮ್ಮ ಸೌಟು ಕೈಬಿಡ್ತಿರ್ಲಿಲ್ಲ. ಒಂದೇ ಚಮಚ ಬಡಿಸ್ತೀನಿ. ಅಪ್ಪಂಗೂ ಅದೇ ಅಭ್ಯಾಸ."

ಒಂದು ಚಮಚ ಪಾಯಸ ಉಂಡೆ, ಪಲ್ಯವನ್ನು ಎರಡು ಸಲ ಹಾಕಿಸಿಕೊಂಡೆ. ಬೆರಳಿಗಂಟಿದ್ದನ್ನು ಕೊನೆಯವರೆಗೂ ನೆಕ್ಕುವಾಗ ಅವರು ನನ್ನನ್ನೇ ನೋಡುತ್ತಿದ್ದರು, ಮುಖದಲ್ಲಿ ಸಣ್ಣ ನಗು. ಇನ್ನೊಂದು ಚಮಚ ಬಂದೀತೇನೋ ಎಂದು ನನಗೆ ಆಸೆಯಾದದ್ದು ನಿಜ.

"ಅಪ್ಪನೂ ಹೀಗೇ ನೋಡೋರು," ಎನ್ನುತ್ತ ಅವರು ಪಾತ್ರೆಗೆ ಮುಚ್ಚಳ ಹಾಕಿದರು.