ಬಳಗಾನೂರಿನಲ್ಲಿ ಮೌಲ್ಯ ಕುಸಿದದ್ದು

ಮಸ್ಕಿಯ ಯಂಕೋಬ ಸಿಂಧನೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಆರಾಮವೇ ಎಂದು ಕೇಳಿದರೆ "ಎಪ್ಪತ್ತು ಪರ್ಸೆಂಟ್ ಅದೀನ್ರಿ" ಎನ್ನುವ ಮನುಷ್ಯ. ಅಳೆಯದ ಮಾತನ್ನು ಅವನು ನಂಬುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಹೆಂಡತಿ ಕೇಳಿದರೂ, ಮನೆಯವರೆಲ್ಲರ ಅಭಿಪ್ರಾಯ ಪಡೆದೇ ಉತ್ತರ ಕೊಡುತ್ತಿದ್ದ.

ಅವನಿಗೆ ಪಿಎಚ್.ಡಿ. ನೋಂದಣಿ ಆಗಬೇಕಿತ್ತು. ಎರಡು ಸಲ ತಪ್ಪಿತ್ತು, ಇದು ಕೊನೆಯ ಅವಕಾಶ. ವಿಷಯ 'ಮತದಾರರ ಮೌಲ್ಯಗಳು'. ಮೌಲ್ಯದ ಮೇಲೆ ಭಾಷಣ ಬೇಡ, ಸೋಮವಾರ ಅಂಕಿ ತನ್ನಿ ಎಂದು ಮಾರ್ಗದರ್ಶಕಿ ರಾಜಶ್ರೀ ಮೇಡಂ ಹೇಳಿದ್ದರು.

ಬಳಗಾನೂರಿನಲ್ಲಿ ಅರವತ್ತು ಮನೆ ಆರಿಸಿಕೊಂಡ. "ರಾಜಕಾರಣದಾಗ ಮೌಲ್ಯ ಬೇಕೇನ್ರಿ?" ಎಂದು ಕೇಳಿದರೆ, ಐವತ್ತೊಂಬತ್ತು ಮನೆಯವರು ನಕ್ಕು "ಬೇಕ್ರಿ" ಎಂದರು. "ಮೌಲ್ಯ ಕುಸಿಯಾಕ ಕಾರಣ ಏನ್ರಿ?" ಎಂದರೆ ಹೆಚ್ಚಿನವರ ಉತ್ತರ "ರಾಡಿರೀ". ಯಂಕೋಬ ಸಂತೋಷದಿಂದ 'ರಾಜಕೀಯದ ಕೆಸರು' ಎಂದು ಬರೆದುಕೊಂಡ.

ಕೊನೆಯ ಮನೆಯ ಜಂಬಮ್ಮ ಮಾತ್ರ ತಲೆಯಾಡಿಸಿದಳು.

"ಬ್ಯಾಡ್ರಿ ಸರ. ಮೌಲ್ಯಾ ರಾಜಕಾರಣಕ್ಕ ಹೋದ್ರ ನಮ್ಮ ಮೋಟರ್ ಯಾರು ರಿಪೇರಿ ಮಾಡ್ತಾರ?"

"ಯವ್ವಾ, ಯಾವ ಮೌಲ್ಯ?"

"ಏ, ನಮ್ಮ ಮೌಲಾಸಾಬ್ರೀ! ಸಣ್ಣಾಂವಿದ್ದಾಗಿಂದ ಮೌಲ್ಯಾನ ಅಂತೀವಿ. ಮೊನ್ನಿ ಕಾಲುವಿ ದಂಡ್ಯಾಗ ರಾಡಿಗೆ ಜಾರಿ ಕುಸದು ಬಿದ್ದಾನಲ್ಲ!"

ಯಂಕೋಬ ಮೋಟರ್ ಅಂಗಡಿಗೆ ಓಡಿದ. ಮೌಲಾಸಾಬ್ ಆಗಲೇ ಬಿಳಿ ಅಂಗಿ ತೊಟ್ಟು ಕುಳಿತಿದ್ದ.

"ಬರ್ರಿ ಸರ. ಊರೆಲ್ಲ ಹೇಳಾಕತ್ತೈತಿ. ನಾ ಎಷ್ಟು ಪರ್ಸೆಂಟ್?"

"ತೊಂಬತ್ತೆಂಟು ಪಾಯಿಂಟ್ ಮೂರು" ಎಂದ ಯಂಕೋಬ. ಅಂಕಿಯ ವಿಷಯದಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

ಮೌಲಾಸಾಬನನ್ನೇ ಜೊತೆಗೆ ಕರೆದುಕೊಂಡು ಮತ್ತೆ ಮೊದಲ ಮನೆಗೆ ಹೋದ. "ಈ ಮೌಲ್ಯಾ ಅಲ್ರಿ, ಬ್ಯಾರೆ ಮೌಲ್ಯ" ಎಂದು ವಿವರಿಸಿದ. ಆ ಮನೆಯ ಅಮರಮ್ಮ ಯೋಚಿಸಿ ಕೇಳಿದಳು: "ಅಂವ ಯಾರ ಮಗ?"

ಯಂಕೋಬ ಮರುಸಮೀಕ್ಷೆಯನ್ನು ಅಲ್ಲಿಗೇ ಬಿಟ್ಟ.

ಸೋಮವಾರ ಅಂದವಾದ ಕೋಷ್ಟಕವನ್ನು ಮೇಡಂ ಮುಂದಿಟ್ಟ. ಅವರು ಪೆನ್ನು ತೆಗೆದರು. ಸುಮ್ಮನಿದ್ದರೆ ನೋಂದಣಿ ಆದಂತೆಯೇ. ಅವನಿಗೆ ಸುಮ್ಮನಿರಲಾಗಲಿಲ್ಲ.

"ಮೇಡಂ, ಇದು ಮೌಲ್ಯ ಅಲ್ರಿ, ಮೌಲಾಸಾಬ್" ಎಂದು ಎಲ್ಲವನ್ನೂ ಹೇಳಿದ. "ಜನ ಖರೇ ಹೇಳ್ಯಾರ. ರಾಜಕೀಯದ ಕೆಸರು ಅಂತ ಬರದಾಂವ ನಾನ."

"ನಾ ಸೈನ್ ಮಾಡಾಕತ್ತಿದ್ದೆ" ಎಂದರು ಮೇಡಂ.

"ನೋಡಿದೆರಿ."

"ಒಂದು ನಿಮಿಷ ತಡದು ಹೇಳಬಾರದಿತ್ತೇನು?"

ಮೇಡಂ ವಿಷಯದ ಹೆಸರನ್ನು ಹೊಡೆದು ಹಾಕಿ, ಕೆಳಗೆ 'ಸಮೀಕ್ಷೆಯ ಪ್ರಶ್ನೆಗಳನ್ನು ಜನ ಕೇಳಿಸಿಕೊಳ್ಳುವ ಬಗೆ' ಎಂದು ಬರೆದು ಸಹಿ ಹಾಕಿದರು. ಒಂದೇ ಷರತ್ತು: ಹೊಸ ಪ್ರಶ್ನಾವಳಿಯನ್ನು ಮೊದಲು ಜಂಬಮ್ಮನಿಗೆ ಓದಿ ಹೇಳಿ, ಅವಳಿಗೆ ಏನು ಕೇಳಿಸಿತೆಂದು ಬರೆದು ತರಬೇಕು.