ರೋಬೋಟಿನ ಒಳಗಿದ್ದವನು

ನನ್ನ ರೈಲಿನ ಜೊತೆಗಾರರೊಬ್ಬರು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕ್ರೇನ್ ಆಪರೇಟರ್ ಆಗಿದ್ದರು. ದಿನವಿಡೀ ಛಾವಣಿಗೆ ತಾಗಿದಂತಿದ್ದ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಕರಗಿದ ಕಬ್ಬಿಣದ ಬಕೆಟ್ಟು ಎತ್ತುವುದು, ಇಳಿಸುವುದು. ಸಂಜೆ ಖಾನಾಪುರದ ರೈಲಿನಲ್ಲಿ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ದಿನವೂ ಒಂದೇ ಜಪಾನಿ ಕಾರ್ಟೂನು ನೋಡುತ್ತಿದ್ದರು. ಹೆಚ್ಚುಕಡಿಮೆ ಅವರಷ್ಟೇ ಹಳೆಯದು. ಮನೆಗಿಂತ ಎತ್ತರದ ರೋಬೋಟು, ಅದರ ಎದೆಯೊಳಗೆ ಕೂತು ಅದನ್ನು ನಡೆಸುವ ಒಬ್ಬ ಹುಡುಗ. ಭಾಷೆ ನಮ್ಮಿಬ್ಬರಿಗೂ ತಿಳಿಯದು.

"ಈ ವಯಸ್ಸಿನ್ಯಾಗ ಕಾರ್ಟೂನ್ ಏನ್ ನೋಡ್ತೀರಿ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಒಳಗ ಮನಷ್ಯಾ ಅದಾನ್ರಿ." ಆಗಲೂ ಅವರ ಬೆರಳುಗಳು ಕ್ರೇನಿನ ಲಿವರ್ ಹಿಡಿದಂತೆಯೇ ಮಡಚಿಕೊಂಡಿರುತ್ತಿದ್ದವು.

ಹೋದ ವರ್ಷ ಫೌಂಡ್ರಿಯವರು ಕ್ಯಾಬಿನ್ ತೆಗೆಸಿ ರಿಮೋಟ್ ಹಾಕಿಸಿದರು. ಇನ್ನು ನೆಲದ ಮೇಲೆ ನಿಂತು ಗುಂಡಿ ಒತ್ತಿದರೆ ಸಾಕು.

"ಮ್ಯಾಲ ಹತ್ತೂದು ತಪ್ಪಿತಲ್ರಿ, ಆರಾಮ ಆತು," ಎಂದೆ.

"ಹೂಂ ರೀ," ಎಂದು ಅವರು ಮೊಬೈಲ್ ತೆರೆದರು.

ಅಂದಿನ ಕಂತಿನಲ್ಲಿ ಯುದ್ಧ ಮುಗಿದು, ದಣಿದ ಹುಡುಗ ರೋಬೋಟಿನೊಳಗೇ ನಿದ್ದೆ ಹೋದ. ರೈಲು ದೇಸೂರ ಸ್ಟೇಷನ್ ದಾಟುತ್ತಿತ್ತು. ಅವರು ಮೊಬೈಲಿನ ದನಿಯನ್ನು ಪೂರ್ತಿ ತಗ್ಗಿಸಿದರು.

"ಮಲಗಲಿ ಬಿಡ್ರಿ," ಎಂದರು. "ಒಳಗ ಉಳದಾಂವ ಈಗ ಇಂವ ಒಬ್ಬನ."