ಗುಡ್ಡೆ ಬಾಡು, ಗಾಳಿ ಕರೆಂಟು

ಗೆಳೆಯರೇ, ದೊಡ್ಡನೆಕ್ಕುಂದಿಯ ಹತ್ತು ವರ್ಕ್‌ಶಾಪುಗಳನ್ನು ಇವತ್ತು ನಾನೊಬ್ಬನೇ ಉಳಿಸಿದೆ. ನಾವು ಬಿಡಿಭಾಗ ಕೊಡುವ ದೊಡ್ಡ ಕಂಪನಿ ಮೀಟಿಂಗ್ ಕರೆದಿತ್ತು. ನಮ್ಮ ಇಂಗಾಲದ ಹೊಗೆ ತಗ್ಗಬೇಕಂತೆ. ಹತ್ತೂ ಜನ ಕೂಡಿ ಕೊಂಡರೆ ಮಾತ್ರ ಗಾಳಿಯಂತ್ರದವರು ಕರೆಂಟು ಕೊಡುತ್ತಾರಂತೆ. ಇಲ್ಲದಿದ್ದರೆ ಮುಂದಿನ ಆರ್ಡರೇ ಅನುಮಾನ. ಕಂಪನಿಯ ಮ್ಯಾನೇಜರಮ್ಮ ಒಂದು ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದರೂ ಒಪ್ಪಂದಕ್ಕೆ ಸಹಿ ಹಾಕಲು ಯಾರೂ ಪೆನ್ನು ಮುಟ್ಟಲಿಲ್ಲ.

ಶಿವಾಜಿನಗರದ ರಫೀಕ್ ನನ್ನತ್ತ ತಿರುಗಿ ಕೇಳಿದ: "ಚಾಚಾ, ನನ್ ಪಾಲಿನ ಕರೆಂಟು ಯಾವ್ದು ಅಂತ ಹೆಂಗ್ ಗೊತ್ತಾಗ್ತದೆ?"

ನಾನು ಎದ್ದು ನಿಂತೆ. "ನಮ್ಮೂರಲ್ಲಿ ಒಬ್ಬನ ಕೈಲಿ ಇಡೀ ಕುರಿ ಕೊಳ್ಳೋಕಾಗಲ್ಲ ಕಣಪ್ಪ. ಹತ್ತು ಮನೆಯವರು ಸೇರಿ ತಂದು, ಕೊಯ್ದು, ಬಾಡನ್ನ ಹತ್ತು ಗುಡ್ಡೆ ಹಾಕ್ತೀವಿ. ಯಾವ ಕಾಲಿನ ತುಂಡು ಅಂತ ಕೇಳ್ತೀವಾ? ಇದೂ ಗುಡ್ಡೆ ಬಾಡೇ!"

ಒಂಬತ್ತು ಸಹಿ ಪಟಪಟನೆ ಬಿದ್ದವು. ಹತ್ತನೆಯವರು ಧಾರವಾಡ ಕಡೆಯ ಹಿರೇಮಠರು. ಹಿಡಿದ ಪೆನ್ನನ್ನು ಕೆಳಗಿಟ್ಟುಬಿಟ್ಟರು. "ನಾವು ಬಾಡು ಮುಟ್ಟಂಗಿಲ್ರೀ!"

ನಾನೇ ಪೆನ್ನನ್ನು ಮತ್ತೆ ಅವರ ಕೈಗಿಟ್ಟೆ. "ಸ್ವಾಮಿ, ಇದು ಬರೀ ಗಾಳಿ. ಇದಕ್ಕಿಂತ ಸಸ್ಯಾಹಾರ ಇನ್ನೇನೈತೆ?" ಎಂದೆ. ನಕ್ಕು ಸಹಿ ಹಾಕಿದರು.

ಈಗಷ್ಟೇ ಮ್ಯಾನೇಜರಮ್ಮನ ಫೋನು. ಹೆಡ್ ಆಫೀಸಿಗೆ ಬರೆಯಬೇಕಂತೆ, "ಗುಡ್ಡೆ ಬಾಡು" ಎಂಬುದರ ಇಂಗ್ಲಿಷ್ ಸ್ಪೆಲಿಂಗ್ ಬೇಕಂತೆ. ನಮ್ಮೂರ ಶಾಲೆಯಲ್ಲಿ ಅದೊಂದನ್ನು ಮಾತ್ರ ಕಲಿಸಿರಲಿಲ್ಲ.